ಲಂಡನ್ನಿನಲ್ಲಿ ರೊಟ್ಟಿ ಬಡಿಯುವವರು ಯಾರು?

ಇಂಡಿಯಲ್ಲಿರುವ ನಮ್ಮ ಬಂಧುಗಳೊಬ್ಬರ ಮಗ ಒಂದು ಸಂಜೆ ನಮ್ಮ ಮನೆಗೆ ಬಂದಿದ್ದನು. ಹೆಚ್ಚಿನ ಓದಿಗಾಗಿ ಲಂಡನ್ನಿಗೆ ಹೊರಟವನು. ಹೊರಡುವ ಮುನ್ನ ಹಿರಿಯರಿಗೆ ನಮಸ್ಕರಿಸಿ ಹೋಗಬೇಕೆಂಬ ನಮ್ಮ ಕಡೆಯ ಪದ್ಧತಿಯನ್ನು ಮೀರದೆ ಬಂದಿದ್ದನು. ಫೀಜು ತುಂಬಿಯಾಗಿತ್ತು, ವಿಸಾ ಬಂದಿತ್ತು, ವಿಮಾನದ ಟಿಕೀಟು ಕೈಯಲ್ಲಿತ್ತು. ಎಲ್ಲ ಮಾತು ಮುಗಿದು ಚಪ್ಪಲಿ ಮೆಟ್ಟುವ ಹೊತ್ತಿಗೆ, ಅಷ್ಟು ಹೊತ್ತೂ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಮೆಲ್ಲಗೆ ಹೊರಗೆ ಹಾಕಿದನು: “ಕಾಕಾ, ಅಲ್ಲಿ ನಮ್ಮಂಥಾವರಿಗೆ ಉಣ್ಣಾಕ ಏನ ಸಿಗತೈತ್ರಿ?”

ಎರಡು ವರ್ಷಗಳ ಹಿಂದೆ ಮಗಳ ಮನೆಯಲ್ಲಿ ಎರಡು ತಿಂಗಳು ಲಂಡನ್ನಿನಲ್ಲಿ ಇದ್ದು ಬಂದವನೆಂಬ ಕಾರಣಕ್ಕೆ ಈ ಪ್ರಶ್ನೆ ನನ್ನ ಪಾಲಿಗೆ ಬಂದಿತು. ಅವನಿಗೆ ಅಂದು ಕೊಟ್ಟ ಉತ್ತರ ಅವಸರದ್ದು. ಅವನು ಹೋದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವಿಚಾರ ಮಾಡುತ್ತ ಹೋದಂತೆ ಅದು ಲಂಡನ್ನಿನ ಪ್ರಶ್ನೆಯಾಗಿ ಉಳಿಯದೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮ್ಮ ಅಡಿಗೆಮನೆಯ ಪ್ರಶ್ನೆಯಾಗಿ ತಿರುಗಿ ಕುಳಿತಿತು. ಆದುದರಿಂದ ವಾಚಕರ ಮುಂದೆ ಅದನ್ನು ಇಡುತ್ತಿದ್ದೇನೆ.

ಈ ಅಂಜಿಕೆ ಇಂದಿನದಲ್ಲ. 1888ರಲ್ಲಿ ತಾಯಿಗೆ ವಚನವಿತ್ತು ಲಂಡನ್ನಿಗೆ ಬಂದಿಳಿದ ಹತ್ತೊಂಬತ್ತರ ತರುಣ ಮೋಹನದಾಸ ಗಾಂಧಿಯವರು ಮೊದಲ ಕೆಲವು ವಾರ ಅರೆಹೊಟ್ಟೆಯಲ್ಲಿಯೇ ದಿನ ನೂಕಿದರು. ಬಾಡಿಗೆ ಮನೆಯ ಯಜಮಾನಿಗೆ ಏನು ಬೇಯಿಸಿ ಬಡಿಸಬೇಕೆಂಬುದು ತಿಳಿಯದು, ಇವರಿಗೆ ಇನ್ನೊಂದು ತುಣುಕು ರೊಟ್ಟಿ ಕೇಳಲು ಸಂಕೋಚ. ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಶಾಕಾಹಾರದ ಊಟದ ಮನೆಯೊಂದನ್ನು ಕಂಡಾಗ, ಇಷ್ಟಪಟ್ಟದ್ದು ಕೈಗೆ ಸಿಕ್ಕ ಮಗುವಿನಂತೆ ಹಿಗ್ಗಿದುದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅಲ್ಲಿಯೇ ಹೆನ್ರಿ ಸಾಲ್ಟನ ಪುಸ್ತಕ ಕೊಂಡು ಓದಿದರು. ಅದುವರೆಗೆ ತಾಯಿಯ ವಚನಕ್ಕಾಗಿ ಮಾಂಸ ಬಿಟ್ಟಿದ್ದವರು ಆ ಮೇಲೆ ಸ್ವಂತ ಬುದ್ಧಿಯಿಂದ ಶಾಕಾಹಾರಿಗಳಾದರು. ಇಂಗ್ಲಂಡದಲ್ಲಿ ಶಾಕಾಹಾರಿಗಳ ಸಂಘ 1847ರಷ್ಟು ಹಿಂದೆಯೇ ಹುಟ್ಟಿದ್ದಿತು. ನಾವು ಮಾತ್ರ ಅದು ನಮ್ಮ ಆಸ್ತಿ, ಅವರಿಗೇನು ಗೊತ್ತು, ಎಂದು ಬೀಗುತ್ತಿದ್ದೇವೆ.

ಇಂದಿನ ಲಂಡನ್ನಿನಲ್ಲಿ ಶಾಕಾಹಾರಿ ಉಪವಾಸ ಬೀಳುವ ಕಾರಣವಿಲ್ಲ. ಯೂಸ್ಟನ್ ರೈಲುನಿಲ್ದಾಣದ ಹತ್ತಿರದ ಡ್ರಮಂಡ್ ಬೀದಿಯಲ್ಲಿ ದೋಸೆ, ಭೇಲು, ಥಾಲಿಗಳ ಶಾಕಾಹಾರಿ ಅಂಗಡಿಗಳು 1970ರ ದಶಕದಿಂದ ಹೆಸರಾಗಿವೆ. ವೆಂಬ್ಲಿಯ ಈಲಿಂಗ್ ರಸ್ತೆಗೆ ಹೋದರೆ ಅಹಮದಾಬಾದಿನ ಪೇಟೆಗೆ ಬಂದಂತಾಗುತ್ತದೆ. ಹಾಗಲಕಾಯಿ, ಅವರೆ, ಮೆಂತೆಸೊಪ್ಪು ಎಲ್ಲವೂ ಬೀದಿಯ ಮೇಲೆಯೇ ಹರಡಿರುತ್ತವೆ. 1995ರಲ್ಲಿ ನೀಸ್ಡನ್ನಿನಲ್ಲಿ ಎದ್ದ ಸ್ವಾಮಿನಾರಾಯಣ ಮಂದಿರದ ಎದುರಿನ ಭೋಜನಾಲಯದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಗಳನ್ನೂ ಮುಟ್ಟದವರಿಗೆ ಊಟವುಂಟು. ಈಸ್ಟ್ ಹ್ಯಾಮ್ ಕಡೆಗೆ ತಮಿಳರ ಇಡ್ಲಿ ಸಾಂಬಾರು. ಇನ್ನು ಬಿಳಿಯರ ಹೋಟೆಲುಗಳಲ್ಲಿಯೂ ಶಾಕಾಹಾರದ ತಿನಿಸಿಗೆ ಗುರುತು ಹಾಕಿರುತ್ತಾರೆ. ಹಾಲು, ತತ್ತಿ, ಮೀನು ಮೊದಲಾದ 14 ಪದಾರ್ಥಗಳು ಅಡಿಗೆಯಲ್ಲಿ ಇವೆಯೋ ಇಲ್ಲವೋ ಎಂಬುದನ್ನು ಗಿರಾಕಿಗೆ ತಿಳಿಸುವುದು ಅಲ್ಲಿ ಕಾನೂನಿನ ಕಟ್ಟಳೆ. ಅಷ್ಟಾದರೂ ಎಚ್ಚರ ಬೇಕು. ಇಟಲಿಯ ಪಾರ್ಮೆಸಾನ್ ಎಂಬ ಚೀಜಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಹಾಕುತ್ತಾರೆಂಬುದು ನನಗೆ ತಿಳಿದದ್ದು, ಮೂರು ಸಲ ಅದನ್ನು ತಿಂದು ಹೊಗಳಿದ ಮೇಲೆ! ಒಂದು ಹೋಟೆಲಿನಲ್ಲಂತೂ, ನಾನು ಮಾಂಸ ತಿನ್ನುವುದಿಲ್ಲವೆಂದಾಗ ಬಡಿಸುವವನು ಬಹಳ ಕನಿಕರದಿಂದ ಬಾಗಿ, “ಮೀನು ನಡೆಯುತ್ತದಲ್ಲವೆ?” ಎಂದನು. ಅದೂ ನಡೆಯದೆಂದಾಗ ಬೇಯಿಸಿದ ಗಜ್ಜರಿ, ಬೇಯಿಸಿದ ಬಟಾಟೆ, ಬೇಯಿಸಿದ ಕೋಸುಗಡ್ಡೆಗಳು ಉಪ್ಪು ಖಾರದ ಸೋಂಕಿಲ್ಲದೆ ಬಂದು ಕುಳಿತವು. ಆಸ್ಪತ್ರೆಯಲ್ಲಿ ಮಲಗಿದವನ ಮುಂದೆ ಇಟ್ಟ ತಟ್ಟೆಯಂತೆ ಕಂಡಿತು.

ಹಾಲು ಮೊಸರನ್ನೂ ಬಿಟ್ಟವರ ವೀಗನ್ ಹೋಟೆಲುಗಳು ಈಗ ಲಂಡನ್ನಿನಲ್ಲಿ ಲೆಕ್ಕವಿಲ್ಲದಷ್ಟಿವೆ. ವೀಗನ್ ಎಂಬ ಶಬ್ದವೇ 1944ರಲ್ಲಿ ಇಂಗ್ಲಂಡದಲ್ಲಿ ಹುಟ್ಟಿದ್ದು. ಅವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಆದರೆ ಕೋಲ್ಹಾರದ ಗಡಿಗೆ ಮೊಸರನ್ನು ಉಂಡು ಬೆಳೆದವನಿಗೆ ಮೊಸರಿಲ್ಲದ ಊಟವನ್ನು ಊಟವೆಂದು ಕರೆಯುವುದಕ್ಕೆ ನಾಲಗೆ ಏಳುವುದಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸು ತಣಿದದ್ದು ಸೌತಾಲಿನ ಗುರುದ್ವಾರದಲ್ಲಿ. ಅಂದು ಹ್ಯಾವ್‌ಲಾಕ್ ರಸ್ತೆಯೆನಿಸಿದ್ದ ಬೀದಿಯಲ್ಲಿ 2003ರಲ್ಲಿ ತೆರೆದ ದೊಡ್ಡ ಗುರುದ್ವಾರವದು. ತಲೆಗೆ ವಸ್ತ್ರ ಸುತ್ತಿಕೊಂಡು ಒಳಗೆ ಹೋದರೆ ನೀನು ಯಾರು, ಯಾವ ಜಾತಿ, ಯಾವ ದೇಶ ಎಂದು ಕೇಳುವವರಿಲ್ಲ. ಚಪಾತಿ, ದಾಲು, ಪಲ್ಯ, ಖೀರು. ಪುಕ್ಕಟೆ, ಹೊಟ್ಟೆ ತುಂಬ. ನನ್ನ ಬಲಕ್ಕೆ ಒಬ್ಬ ಬಿಳಿಯ ಮುದುಕ, ಎಡಕ್ಕೆ ಕೆಲಸದ ಬಟ್ಟೆಯಲ್ಲಿಯೇ ಬಂದಿದ್ದ ಗೌಂಡಿ. ಲಂಗರಿನ ಅನ್ನ ಶಾಕಾಹಾರವಾಗಿರುವುದು ಯಾರನ್ನೂ ಹೊರಗಿಡಬಾರದೆಂಬ ಕಾರಣಕ್ಕೆ. ನಮ್ಮಲ್ಲಿ ಶಾಕಾಹಾರವೆಂಬುದು ಎಷ್ಟೋ ಕಾಲ ಇನ್ನೊಬ್ಬನನ್ನು ಹೊರಗಿಡುವ ಬಾಗಿಲಾಗಿತ್ತೆಂಬುದನ್ನು ನೆನೆದು ನನಗೆ ತುಸು ನಾಚಿಕೆಯಾಯಿತು. ಖಾನಾವಳಿಗಳ ಹಲಗೆಗಳ ಮೇಲೆ ಜಾತಿಯ ಹೆಸರನ್ನೇ ಬರೆಯುತ್ತಿದ್ದ ಕಾಲ ಹಿರಿಯ ವಾಚಕರಿಗೆ ಮರೆತಿರಲಾರದು. ದಾಸೋಹದ ಮಾತನ್ನು ಜಗತ್ತಿಗೆ ಕೊಟ್ಟ ಬಾಗೇವಾಡಿಯ ನೆಲದವರು ನಾವು!

ಅದೇ ವಾರ ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿರುವ ಬಸವಣ್ಣನವರ ಪ್ರತಿಮೆಯನ್ನು ನೋಡಿಬಂದೆ. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ನೀರಜ ಪಾಟೀಲರ ಪ್ರಯತ್ನದಿಂದ ಅಲ್ಲಿ ನೆಲೆಗೊಂಡ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ನದಿಯ ಮೇಲಿನ ಗಾಳಿ ಚಳಿಯದು. ಕಟ್ಟೆಯ ಮೇಲೆ ಕುಳಿತು, ಮಗಳು ಕಟ್ಟಿಕೊಟ್ಟ ಬ್ರೆಡ್ಡಿನ ಪೊಟ್ಟಣವನ್ನು ಬಿಚ್ಚಿದೆ. ಬಾಗೇವಾಡಿಯವರು ಇಲ್ಲಿಯವರೆಗೆ ಬಂದಿದ್ದಾರೆ, ಬಾಗೇವಾಡಿಯ ರೊಟ್ಟಿ ಏಕೆ ಬರಲಿಲ್ಲವೆಂಬ ಪ್ರಶ್ನೆ ಆಗ ಮನಸ್ಸಿಗೆ ಬಂದಿತು. ಈ ಪಟ್ಟಣದಲ್ಲಿ ಗುಜರಾತದ ಢೋಕಳಾ ಇದೆ, ಪಂಜಾಬದ ಪರಾಠಾ ಇದೆ, ಉಡುಪಿ ಕಡೆಯ ಮಸಾಲೆದೋಸೆ ಎಂದಿನಿಂದಲೋ ಇದೆ. ಒಂದು ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಬದನೆಯ ಎಣ್ಣೆಗಾಯಿ, ಮಗ್ಗುಲಲ್ಲಿ ಶೇಂಗಾ ಹಿಂಡಿ ಹಾಕಿ ಕೊಡುವ ಖಾನಾವಳಿಯನ್ನು ನಾನು ಎರಡು ತಿಂಗಳು ವಿಚಾರಿಸಿದರೂ ಯಾರೂ ತೋರಿಸಲಿಲ್ಲ.

ಖಾನಾವಳಿಯೆಂದರೇನೆಂಬುದನ್ನು ಮೈಸೂರು ಕಡೆಯ ವಾಚಕರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ತಾಲೂಕಿನ ಊರುಗಳಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿಯೋ, ಸಂತೆಯ ಮಗ್ಗುಲಲ್ಲಿಯೋ ಇರುವ ಮನೆಯೇ ಅದು. ಮುಂದಿನ ಪಡಸಾಲೆಯಲ್ಲಿ ನಾಲ್ಕು ಬಾಕು, ಒಳಗೆ ಒಲೆ. ಒಲೆಯ ಮುಂದೆ ತಾಯಿಯೊಬ್ಬಳು ಕುಳಿತು ಎರಡೂ ಅಂಗೈಯಿಂದ ರೊಟ್ಟಿ ಬಡಿಯುತ್ತಾಳೆ. ಆ ಸಪ್ಪಳವೇ ಅಂಗಡಿಯ ಹಲಗೆ. ತಾಟಿನಲ್ಲಿ ಎರಡು ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ, ಪುಂಡಿಯೋ ಮೆಂತೆಯೋ ಒಂದು ಸೊಪ್ಪು, ಅಗಸಿ ಅಥವಾ ಗುರೆಳ್ಳಿನ ಹಿಂಡಿ, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೊಸರು. ಕೊನೆಗೆ ಅನ್ನ ಸಾರು. ವೈದ್ಯರು ಇಂದು ಕಾಗದದ ಮೇಲೆ ಬರೆದುಕೊಡುವ ಸಮತೂಕದ ಆಹಾರವೆಲ್ಲ ಅದರಲ್ಲಿದೆ. ಅಲ್ಲಿ ಶಾಕಾಹಾರಿಯೆಂದು ಯಾರೂ ಬೇರೆ ಹೇಳಿಕೊಳ್ಳಬೇಕಾಗಿಲ್ಲ, ಮಾಂಸದ ಬದಲಿಗೆ ಇನ್ನೇನನ್ನೋ ನಿಲ್ಲಿಸಬೇಕಾಗಿಲ್ಲ. ಊಟ ತನ್ನಷ್ಟಕ್ಕೆ ತಾನೇ ತುಂಬಿದ್ದು. “ಇನ್ನೊಂದು ನೀಡ್ಲೇನ್ರೀ ಅಣ್ಣಾರ?” ಎಂದು ಒಳಗಿನಿಂದ ಕೂಗು. “ಬ್ಯಾಡಬೇ ಯವ್ವಾ, ಹೊಟ್ಟಿ ತುಂಬೇದ” ಎನ್ನುವಷ್ಟರಲ್ಲಿ ಅರ್ಧ ರೊಟ್ಟಿ ತಾಟಿಗೆ ಬಿದ್ದಿರುತ್ತದೆ. ಸಿಂದಗಿಯ ಸಂತೆಯ ದಿನ ಇಂಥ ಒಂದು ಊಟ ಮಾಡಿ ಬಂದವನಿಗೆ ಯುರೋಪಿನ ಯಾವ ಪಟ್ಟಣದ ಹೆಸರನ್ನೂ ದೊಡ್ಡದಾಗಿ ಹೇಳಬೇಡಿರಿ.

ಹಾಗಾದರೆ ಉಡುಪಿಯ ಊಟ ಜಗತ್ತು ಸುತ್ತಿತು, ನಮ್ಮದು ಏಕೆ ಓಣಿ ದಾಟಲಿಲ್ಲ? ನಮ್ಮವರು ಸಾಮಾನ್ಯವಾಗಿ ಕೊಡುವ ಉತ್ತರ, ‘ಅವರು ವ್ಯಾಪಾರಿಗಳು, ನಾವು ಒಕ್ಕಲಿಗರು’ ಎಂಬುದು. ಈ ಉತ್ತರದಲ್ಲಿ ಸೋಮಾರಿತನವಿದೆ. ಕರಾವಳಿಯಿಂದ ಹೊರಟವರು ಹುಡುಗರು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಮನೆ ಬಿಟ್ಟು, ಲೋಟ ತೊಳೆದು, ಹಿಟ್ಟು ರುಬ್ಬಿ, ಒಲೆಯ ಮುಂದೆ ಬೆಂದು ಅಡಿಗೆ ಕಲಿತವರು. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1942ರಲ್ಲಿ ರಾಮ ನಾಯಕರು ಮುಂಬಯಿಯ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ವುಡ್‌ಲ್ಯಾಂಡ್ಸ್ ಎಂಬ ಹೆಸರು 1980ರ ದಶಕದಲ್ಲಿ ಲಂಡನ್ನಿಗೂ ತಲುಪಿತು. ಅಡಿಗೆ ಬಲ್ಲ ಗಂಡಸು ಎಲ್ಲಿ ಹೋದನೋ ಅಡಿಗೆಯೂ ಅಲ್ಲಿಗೆ ಹೋಯಿತು. ಇದಿಷ್ಟೇ ಅದರ ರಹಸ್ಯ.

ಗುಜರಾತಿಗಳ ಕಥೆ ಬೇರೆ. 1972ರಲ್ಲಿ ಇದಿ ಅಮೀನನು ಯುಗಾಂಡದಿಂದ ಏಷ್ಯದವರನ್ನು ಹೊರಡಿಸಿದಾಗ ಸಾವಿರಾರು ಕುಟುಂಬಗಳು ಅಜ್ಜಿಯರ ಸಮೇತ ಇಂಗ್ಲಂಡಕ್ಕೆ ಬಂದಿಳಿದವು. ಅಜ್ಜಿಯರೊಡನೆ ಲಟ್ಟಣಿಗೆಯೂ ಇಳಿಯಿತು. ನಮ್ಮ ಜಿಲ್ಲೆಯಿಂದ ಹೋದವರಾದರೋ ಡಾಕ್ಟರು, ಈಚೆಗೆ ಕಂಪ್ಯೂಟರಿನ ಇಂಜಿನಿಯರು, ಒಬ್ಬೊಬ್ಬರೇ ಹೋದರು. ಅವರಲ್ಲಿ ಎಷ್ಟು ಜನರಿಗೆ ರೊಟ್ಟಿ ಬಡಿಯಲು ಬರುತ್ತದೆ? ಬಿಜಾಪುರ ಕಡೆಯ ಗಂಡಸಿಗೆ ರೊಟ್ಟಿ ತಿನ್ನುವುದು ಗೊತ್ತು, ಎಣಿಸುವುದು ಗೊತ್ತು, ದಪ್ಪವಾಯಿತೆಂದು ಗೊಣಗುವುದು ಗೊತ್ತು. ಬಡಿಯುವ ವಿದ್ಯೆ ಹೆಣ್ಣುಮಕ್ಕಳ ಕೈಯಲ್ಲಿ ಉಳಿಯಿತು. ಹೆಣ್ಣುಮಗಳನ್ನು ನಾವು ಹೊಸ್ತಿಲು ದಾಟಗೊಡಲಿಲ್ಲ. ರೊಟ್ಟಿ ಥೇಮ್ಸ್ ದಾಟುವುದೆಲ್ಲಿಂದ?

ಸಂಸ್ಥೆ ಕಟ್ಟಲು ಹೆಣ್ಣುಮಕ್ಕಳಿಂದ ಆಗದೆಂದಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗೆ ಮನೆಯಲ್ಲಿ ಅಡಿಗೆ ಮಾಡಿ ಬಡಿಸುತ್ತಿದ್ದ ಖಾನಾವಳಿಯ ಹೆಂಗಸರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಲ್ಲಿ ಸಿಕ್ಕು ಒದ್ದಾಡುತ್ತಿದ್ದ ಆ ಹೆಂಗಸರಿಗೆ ಬ್ಯಾಂಕಿನ ಸಾಲ ಸಿಗುವಂತಾಯಿತು. ಒಲೆಯ ಮುಂದಿನ ದುಡಿತವೂ ಒಂದು ಉದ್ಯೋಗವೆಂದು ಬ್ಯಾಂಕು ಒಪ್ಪಿತು. ನಮ್ಮ ಕಡೆ ಈಗೀಗ ಅಂಥ ಕೆಲಸ ತೊಡಗಿದೆ. ನೆರೆಯ ಜಿಲ್ಲೆಯಲ್ಲಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ರೊಟ್ಟಿ ಮಾರಾಟಕ್ಕೆ ಬಂದಿದೆ. ಸಂತೋಷದ ಮಾತು.

ರೊಟ್ಟಿ ಪರದೇಶಕ್ಕೆ ಹೋಗದಿರುವುದಕ್ಕೆ ಜೋಳದ ಸ್ವಭಾವವೂ ಒಂದು ಕಾರಣವೆಂಬುದನ್ನು ಒಪ್ಪಬೇಕು. ಗೋದಿಯ ಹಿಟ್ಟಿನಲ್ಲಿ ಗ್ಲೂಟೆನ್ ಎಂಬ ಅಂಟಿರುವುದರಿಂದ ಯಾರು ನಾದಿದರೂ ಕೂಡಿಕೊಳ್ಳುತ್ತದೆ, ಲಟ್ಟಿಸಿದರೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರು ಹೊಯ್ದು, ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿಗೊಂಡಾಗಲೇ ಅದು ಕೈಮಾತು ಕೇಳುತ್ತದೆ. ಹಿಟ್ಟು ಹಳೆಯದಾದರೆ ಅಂಚು ಬಿರಿಯುತ್ತದೆ. ಆದುದರಿಂದ ವಾರದ ಬೀಸು ವಾರಕ್ಕೆ. ಬಡಿಯುವಾಗ ಎಷ್ಟು ಒತ್ತಬೇಕು, ಎಲ್ಲಿ ತಿರುಗಿಸಬೇಕು, ಹಂಚಿನ ಮೇಲೆ ಹಾಕಿ ನೀರು ಸವರಿದ್ದು ಎಷ್ಟು ಆರಿದಾಗ ಮಗುಚಬೇಕು ಎಂಬುದಕ್ಕೆ ಬರೆದಿಟ್ಟ ಶಾಸ್ತ್ರವಿಲ್ಲ. ಇಡ್ಲಿಯ ಹಿಟ್ಟನ್ನು ಯಂತ್ರ ರುಬ್ಬುತ್ತದೆ, ಅಚ್ಚು ಆಕಾರ ಕೊಡುತ್ತದೆ. ರೊಟ್ಟಿಗೂ ಯಂತ್ರಗಳು ಬಂದಿವೆ. ಅವುಗಳ ರೊಟ್ಟಿ ನೋಡಲು ದುಂಡಗಿದೆ, ಎಲ್ಲವೂ ಒಂದೇ ಅಳತೆ. ತಿಂದವರು ಅದರ ರುಚಿಯ ವಿಷಯ ಬಲ್ಲರು. ನಾನು ಹೇಳಿ ಯಾರ ವ್ಯಾಪಾರಕ್ಕೂ ಕಲ್ಲು ಹಾಕುವುದಿಲ್ಲ.

ಆದರೆ ಈ ಎಲ್ಲ ಕಾರಣಗಳಿಗಿಂತ ದೊಡ್ಡದು ನಮ್ಮ ಮನಸ್ಸಿನ ಕೀಳರಿಮೆ. ಡೋಣಿಯ ದಂಡೆಯಲ್ಲಿ ಬೆಳೆ ಬಂದರೆ ಓಣಿಯೆಲ್ಲ ಕಾಳು ಎಂಬರ್ಥದ ನಾಣ್ಣುಡಿ ನಮ್ಮ ಕಡೆ ಇದೆ. ಕರಿಯ ಎರೆಮಣ್ಣಿನಲ್ಲಿ, ಮಳೆಗಾಲ ಹಿಂದಾಗುವ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ ನೆಲದೊಳಗಿನ ಹಸಿಯನ್ನೇ ಕುಡಿದು, ಇಬ್ಬನಿಯ ಚಳಿಯಲ್ಲಿ ತೆನೆ ಹಿಡಿದು, ಫಾಲ್ಗುಣದ ಸುಮಾರಿಗೆ ಕಣಕ್ಕೆ ಬರುತ್ತದೆ. ಮಾಲದಂಡಿಯ ಮುತ್ತಿನಂಥ ಕಾಳು ಅದು. ಎಳ್ಳಮಾವಾಸ್ಯೆಯ ದಿನ ಆ ಹೊಲದಲ್ಲಿಯೇ ಚರಗ ಚೆಲ್ಲಿ, ಸಜ್ಜಿಯ ಕಡಬು, ರೊಟ್ಟಿ, ಭಜ್ಜಿಪಲ್ಯಗಳನ್ನು ಹರಡಿ, ಹಾದಿಯಲ್ಲಿ ಹೋಗುವವನನ್ನೂ ಕರೆದು ಉಣಿಸುತ್ತೇವೆ. ಇಂಥ ಧಾನ್ಯವನ್ನು ನಾವು ಬಡವರ ಕೂಳೆಂದು ಬಗೆದೆವು. ಇಂದು ಮುದ್ದೇಬಿಹಾಳದಲ್ಲಾಗಲಿ ಸಿಂದಗಿಯಲ್ಲಾಗಲಿ ಉಳ್ಳವರ ಮದುವೆಗೆ ಹೋಗಿ ನೋಡಿರಿ: ಪನೀರಿನ ಪಲ್ಯ, ಗೋಬಿ ಮಂಚೂರಿ, ನೂಡಲ್ಸು ಎಂಬ ದಾರದುಂಡೆ. ರೊಟ್ಟಿ ಇದ್ದರೆ ಮೂಲೆಯ ಮೇಜಿನಲ್ಲಿ, ‘ಹಳ್ಳಿ ಸೊಗಡು’ ಎಂಬ ಹಲಗೆ ಹೊತ್ತು, ಪ್ರದರ್ಶನಕ್ಕೆ ನಿಂತಂತೆ ನಿಂತಿರುತ್ತದೆ. ಹಳ್ಳಿಯಲ್ಲಿಯೇ ನಿಂತು ಹಳ್ಳಿಯ ಸೊಗಡನ್ನು ಮಾರುವ ಈ ಚಮತ್ಕಾರವನ್ನು ಏನೆನ್ನಬೇಕು! ಅತ್ತ ವಿಶ್ವಸಂಸ್ಥೆಯವರು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದರು. ಲಂಡನ್ನಿನ ಆರೋಗ್ಯದ ಅಂಗಡಿಗಳಲ್ಲಿ ನಮ್ಮ ಜೋಳದ ಹಿಟ್ಟು ಗ್ಲೂಟೆನ್ ಇಲ್ಲದ ಆಹಾರವೆಂಬ ಪದವಿ ಪಡೆದು ಸಣ್ಣ ಚೀಲಗಳಲ್ಲಿ ಕುಳಿತಿದೆ. ಅದರ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿ, ಮಗಳ ಕೈಯಿಂದ ಚೀಲವನ್ನು ಮರಳಿ ಇಡಿಸಿದೆ.

ಪದಾರ್ಥ ಪರದೇಶಕ್ಕೆ ಹೋಗಬಲ್ಲದು. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಇಂಡಿಯ ನಿಂಬೆ 2025ರಲ್ಲಿ ದುಬೈಗೂ ಬ್ರಿಟನ್ನಿಗೂ ಹೋಗಿದೆ. ಕಟಕ ರೊಟ್ಟಿ ತಿಂಗಳುಗಟ್ಟಲೆ ಕೆಡದು. ಗೋವಾಕ್ಕೆ, ಪುಣೆಗೆ ದುಡಿಯಲು ಹೋಗುವ ಮುದ್ದೇಬಿಹಾಳ ಕಡೆಯ ಜನ ಅರಿವೆಯ ಗಂಟಿನಲ್ಲಿ ಅದನ್ನೇ ಕಟ್ಟಿಕೊಂಡು ಹೋಗುವವರು. ಹಿಂಡಿಯೂ ಬಾಳುತ್ತದೆ. ಹೋಗಲಾರದ್ದು ಬಿಸಿ ರೊಟ್ಟಿ. ಅದಕ್ಕೆ ಕೈ ಬೇಕು. ಆ ಕೈಗಳು ಈಗ ದಣಿದಿವೆ. ನನಗೆ ಪರಿಚಯದ ಖಾನಾವಳಿಯೊಂದರ ತಾಯಿ ಮೂವತ್ತು ವರ್ಷ ದಿನಕ್ಕೆ ನೂರರ ಮೇಲೆ ರೊಟ್ಟಿ ಬಡಿದವರು. ಹೊಗೆಯಿಂದ ಕಣ್ಣು, ಬಡಿದು ಬಡಿದು ಮಣಿಕಟ್ಟು, ಎರಡೂ ಹೋಗಿವೆ. ಮಗಳು ನರ್ಸಿಂಗ್ ಓದಿ ನೌಕರಿ ಹಿಡಿದಿದ್ದಾಳೆ. “ಆಕಿ ಯಾಕ ಈ ಬೂದ್ಯಾಗ ಕೂಡಬೇಕ್ರಿ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ರೊಟ್ಟಿಯ ಸಂಸ್ಕೃತಿ ಉಳಿಯಬೇಕೆಂದು ಭಾಷಣ ಮಾಡುವವರು ಆ ಮಗಳನ್ನು ಮರಳಿ ಒಲೆಯ ಮುಂದೆ ಕೂಡಿಸಲು ಹವಣಿಸುತ್ತಿದ್ದರೆ ನಾನು ಅವರ ಪಕ್ಷದವನಲ್ಲ.

ನನ್ನ ಅಭಿಪ್ರಾಯ ಸರಳವಾಗಿದೆ, ಕೆಲವರಿಗೆ ರುಚಿಸಲಿಕ್ಕಿಲ್ಲ. ಗಂಡುಮಕ್ಕಳಿಗೆ ರೊಟ್ಟಿ ಬಡಿಯಲು ಕಲಿಸಬೇಕು. ನಮ್ಮ ತಾಲೂಕುಗಳಿಂದ ಹೊರಗೆ ಓದಲು, ದುಡಿಯಲು ಹೋಗುವ ಹುಡುಗ ಬೆಂಗಳೂರಿಗೇ ಹೋಗಲಿ, ಬರ್ಲಿನ್ನಿಗೇ ಹೋಗಲಿ, ಹಿಟ್ಟು ನಾದಿ ತನ್ನ ರೊಟ್ಟಿಯನ್ನು ತಾನು ಮಾಡಿಕೊಳ್ಳುವಂತಿರಬೇಕು. ಖಾನಾವಳಿಯಲ್ಲಿ ರೊಟ್ಟಿಯ ಬೆಲೆ ಐದು ರೂಪಾಯಿ ಏರಿದರೆ ಜಗಳಕ್ಕೆ ನಿಲ್ಲುವ ನಾವು, ಅದೇ ಪೇಟೆಯಲ್ಲಿ ಪಿಜ್ಜಾಕ್ಕೆ ಮುನ್ನೂರು ಕೊಟ್ಟು ಬಾಯಿ ಮುಚ್ಚಿಕೊಂಡು ಬರುತ್ತೇವೆ. ಈ ಲೆಕ್ಕವನ್ನೂ ತಿದ್ದಿಕೊಳ್ಳಬೇಕು. ಗಂಡಸರು ಈ ಕಸುಬಿಗೆ ಕೈ ಹಾಕಿದ ದಿನ ಹೊಗೆಯಿಲ್ಲದ ಒಲೆ, ಎತ್ತರದ ಕಟ್ಟೆ, ಒಳ್ಳೆಯ ಸಂಬಳ ಎಲ್ಲವೂ ತಾವಾಗಿಯೇ ಬಂದಾವು. ಗಂಡಸಿನ ನಡು ನೋಯತೊಡಗಿದಾಗಲೇ ನಮ್ಮ ಸಮಾಜಕ್ಕೆ ಉಪಾಯಗಳು ಹೊಳೆಯುವುದು.

ಇಂಡಿಯ ಹುಡುಗನನ್ನು ಮರುದಿನವೇ ಫೋನು ಮಾಡಿ ಕರೆಸಿದೆ. ಹೊರಡಲು ಇನ್ನೂ ಹದಿನೆಂಟು ದಿನ ಉಳಿದಿದ್ದವು. “ಕಾಕಾ, ಅವ್ವಗ ಹೇಳಬ್ಯಾಡ್ರಿ, ನಗ್ತಾಳ” ಎನ್ನುತ್ತ ನನ್ನ ಹೆಂಡತಿಯ ಮಗ್ಗುಲಲ್ಲಿ ಕುಳಿತು ಮೊದಲ ಉಂಡೆಯನ್ನು ಬಡಿದನು. ಅದು ಮೂರು ಕಡೆ ಹರಿದು, ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡಾಯಿತು. ಎರಡನೆಯದೂ ಹಾಗೆಯೇ. “ಎಸರು ಕುದೀಲಿಲ್ಲೋ ತಮ್ಮಾ, ಅವಸರ ಮಾಡಬ್ಯಾಡ” ಎಂದು ಅವಳು ಮತ್ತೆ ನೀರಿಟ್ಟಳು. ನಾನು ಬಾಗಿಲಲ್ಲಿ ನಿಂತು ಉಪದೇಶ ಮಾಡಲು ಬಾಯಿ ತೆರೆದೆ. ಅವಳು ತಿರುಗಿ ನೋಡಿ, “ನೀವೂ ಕೈ ತೊಳಕೊಂಡ ಬರ್ರಿ” ಎಂದಳು. ಅರವತ್ತಾರರ ವಯಸ್ಸಿನಲ್ಲಿ ನಾನು ಬಡಿದ ಮೊದಲ ರೊಟ್ಟಿಯನ್ನು ಅಂದು ರಾತ್ರಿ ಯಾರಿಗೂ ತೋರಿಸದೆ ನಾನೇ ತಿಂದೆ.